ಅರ್ಬಾಬರ ಕೋವಿಗೆ ನಮ್ಮ ಮನೆಯ ತೋಟೆ

ಊರಲ್ಲಿ ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಳ್ಳುತ್ತಿದ್ದವನು ನಾನು. ಒಮಾನಿನ ರುಸ್ತಾಕಿಗೆ ಬಂದು ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಅಕೌಂಟೆಂಟ್ ಆದ ಮೇಲೆ ಒಂದು ಕೋವಿ ನನ್ನ ಬೆನ್ನು ಹತ್ತಿತು. ಒಂದು ಫಜೀತಿ ಮುಗಿಯಿತು ಎನ್ನುವಾಗ ಇನ್ನೊಂದು ಬಾಗಿಲಲ್ಲಿ ಹಾಜರು.

ಪಂಥ

ಕೋವಿ ನಮ್ಮ ಅರ್ಬಾಬರದ್ದು, ಅಂದರೆ ನನಗೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನರದ್ದು. ಅವರ ಅಜ್ಜನ ಕಾಲದ್ದು. ಹಿಡಿಯ ಕೆಳಗಿನ ಸನ್ನೆಕೋಲನ್ನು ಎಳೆದರೆ ಬಾಯಿ ತೆರೆದು, ಮದ್ದು ಸುಟ್ಟು ಖಾಲಿಯಾದ ತೋಟೆಯನ್ನು ಹಿಂದಕ್ಕೆ ಉಗುಳುತ್ತದೆ. ಆ ಜಾತಿಯ ತೋಟೆ ಈಗ ಸುಲಭದಲ್ಲಿ ಸಿಗುವುದಿಲ್ಲ. ಇರುವ ನಾಲ್ಕಾರು ಹಿತ್ತಾಳೆ ತೋಟೆಗಳಿಗೇ ಪ್ರತಿಸಲ ಹೊಸ ಕೇಪು, ಹೊಸ ಮದ್ದು ತುಂಬಬೇಕು. ಮದುವೆಯಲ್ಲಿ ಹೊಡೆಯುವುದು ಬರೇ ಶಬ್ದದ ಈಡು, ಗುಂಡಿಲ್ಲ.

ಅರ್ಬಾಬರ ಮಗನ ಮದುವೆ ನಿಶ್ಚಯವಾಯಿತು. ಅವರ ಅಣ್ಣ ಸುವೈಕಿನಿಂದ ಬಂದವರು ಅಂಗಡಿಯಲ್ಲಿ ಕಾಫಿ ಕುಡಿಯುತ್ತ, "ಅದು ಸತ್ತ ಕೋವಿ. ಮದುವೆಯ ದಿನ ಢಂ ಅನ್ನದಿದ್ದರೆ ನನ್ನ ಮನೆಗೆ ಕೊಡಬೇಕು" ಎಂದರು.

"ಖಲಾಸ್! ಒಪ್ಪಿದೆ!" ಎಂದರು ಅರ್ಬಾಬ್.

ಅಣ್ಣನ ಕಾರು ಮರೆಯಾದದ್ದೇ ಅರ್ಬಾಬರ ಮುಖ ಸಪ್ಪಗಾಯಿತು. ಅಜ್ಜನ ಕೋವಿ ಎಂದರೆ ಅವರಿಗೆ ಜೀವ. ನನ್ನತ್ತ ತಿರುಗಿ, "ನಿನಗೆ ತೋಟೆ ತುಂಬಲಿಕ್ಕೆ ಬರುತ್ತದಾ?" ಎಂದರು.

"ಇಲ್ಲ ಅರ್ಬಾಬ್, ನಾನು ಬಿ.ಕಾಂ."

"ಚಿಂತೆ ಮಾಡಬೇಡ, ಅದನ್ನು ಸರಿಮಾಡಬಹುದು" ಎಂದು ನನಗೇ ಸಮಾಧಾನ ಹೇಳಿದರು.

ಹುಳಿ

ಮಸಿ ಹಿಡಿದ ತೋಟೆಗಳನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅವನ್ನು ಹೆಂಡತಿಯ ಪಾಲಿಗೆ ದಾಟಿಸಿದೆ.

"ಎಂತದು ಮಾರಾಯ್ರೆ ಇದು?" ಎಂದವಳು, ಹಿತ್ತಾಳೆ ಎಂದು ತಿಳಿದ ಕೂಡಲೇ ಹುಣಸೆಹುಳಿ ನೆನೆಹಾಕಿದಳು. ದೇವರ ದೀಪ ಬೆಳಗುವ ಹಾಗೆ ಒಳಗೂ ಹೊರಗೂ ತಿಕ್ಕಿ, ತಾರಸಿಯಲ್ಲಿ ಸಂಡಿಗೆಯ ಪಕ್ಕ ಒಣಗಲಿಟ್ಟಳು. ಅರ್ಬಾಬ್ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ, "ಮಾಶಾ ಅಲ್ಲಾ!" ಎಂದು ಕಣ್ಣರಳಿಸಿದರು.

ಮರುದಿನ ಅವರ ಮನೆಯಿಂದ ಹಿತ್ತಾಳೆಯ ಕಾಫಿ ಹೂಜಿಗಳು, ತಟ್ಟೆಗಳು, ಎತ್ತಲಾಗದ ಒಂದು ಹಂಡೆ ಪಿಕಪ್ಪಿನಲ್ಲಿ ಬಂದಿಳಿದವು. ಹೆಂಡತಿ ಹಂಡೆಯನ್ನೂ ನನ್ನನ್ನೂ ನೋಡಿ ಹೇಳಿದಳು: "ಆ ಕೋವಿಯನ್ನೂ ಕಳಿಸ್ಲಿಕ್ಕೆ ಹೇಳಿ. ನನಗೇ ಬೇಕಾಗಿ ಉಂಟು."

ಹತ್ತಿ

ಮದ್ದು ತುಂಬುವುದನ್ನು ಅರ್ಬಾಬ್ ಯಾರಿಗೂ ಬಿಡುವುದಿಲ್ಲ. ಅದರ ಮೇಲೆ ಬಿಗಿಯಾಗಿ ಕೂರುವ ಬಿರಡೆಯದ್ದೇ ತೊಂದರೆ. ಕಾಗದ ಜಾರಿತು, ಬಟ್ಟೆ ಉದುರಿತು. ಕಡೆಗೆ ನನ್ನ ಹೆಂಡತಿ ಹೂಬತ್ತಿಯ ಹತ್ತಿಯನ್ನು ಹೊಸೆದು ಉಂಡೆ ಮಾಡಿ ಕೊಟ್ಟಳು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

"ಇದನ್ನು ನಿಮ್ಮೂರಲ್ಲಿ ಯಾವ ಕೋವಿಗೆ ಹಾಕುತ್ತೀರಿ?" ಎಂದು ಅರ್ಬಾಬ್ ಕೇಳಿದರು.

"ಕೋವಿಗಲ್ಲ, ದೇವರ ದೀಪಕ್ಕೆ."

ಅವರು ನಿಟ್ಟುಸಿರು ಬಿಟ್ಟರು. "ಒಳ್ಳೆಯದೇ ಆಯಿತು. ಈ ಕೋವಿಗೂ ಈಗ ದೇವರೇ ಗತಿ."

ಕ್ಯಾಚ್

ಮದುವೆಯ ದಿನ ನನಗೆ ಇನ್ನೊಂದು ಹುದ್ದೆ ಸಿಕ್ಕಿತು. ಹೊರಗೆ ಹಾರುವ ಖಾಲಿ ತೋಟೆ ಜನರ ಕಾಲಡಿ ಕಳೆದುಹೋಗಬಾರದಲ್ಲ. "ನೀವು ಹಿಂದೂಸ್ತಾನದವರು ಹುಟ್ಟಿದಾಗಿನಿಂದ ಕ್ರಿಕೆಟ್ ಆಡುತ್ತೀರಿ. ಹಿಂದೆ ನಿಂತು ಕ್ಯಾಚ್ ಹಿಡಿ" ಎಂದರು ಅರ್ಬಾಬ್. ಮದುವೆಗೆಂದು ಹೊಲಿಸಿದ ಕೋಟು ತೊಟ್ಟು ಬಗ್ಗಿ ನಿಂತೆ.

ಡೋಲು ಬಡಿಯುತ್ತಿತ್ತು. ಗಂಡಸರು ಕತ್ತಿ ಹಿಡಿದು ಸಾಲಾಗಿ ಹಾಡುತ್ತಿದ್ದರು. ಅರ್ಬಾಬ್ ಕೋವಿಯನ್ನು ಆಕಾಶಕ್ಕೆತ್ತಿ ಕುದುರೆ ಎಳೆದರು.

ಟಕ್. ಅಷ್ಟೇ.

ಅಣ್ಣ ಕಾರಿನ ಡಿಕ್ಕಿ ತೆರೆಸಿದರು. ಪಾಪ ಅರ್ಬಾಬ್! ನನಗೂ ಅಳು ಬರುವುದೊಂದು ಬಾಕಿ. ಅವರು ಸ್ವಲ್ಪ ಹೊತ್ತು ತಡೆದು, ತೋಟೆ ಬದಲಿಸಿ, ಮತ್ತೆ ಎಳೆದರು.

ಢಂ!

ಖರ್ಜೂರದ ಮರಗಳಲ್ಲಿದ್ದ ಹಕ್ಕಿಗಳೆಲ್ಲ ಎದ್ದವು. ಅರ್ಬಾಬ್ ಖುಷಿಯಲ್ಲಿ ಸನ್ನೆಕೋಲನ್ನು ಸೆಳೆದ ರಭಸಕ್ಕೆ ಕಾದ ತೋಟೆ ನನ್ನ ಕೈ ತಪ್ಪಿಸಿ ನೇರ ಕಾಲರಿನೊಳಗೆ ಇಳಿಯಿತು. ಅಂಗಿ ಎಳೆದು ಕೊಡವಿದರೆ ತೋಟೆ ಹೋಗುತ್ತದೆ, ಸುಮ್ಮನಿದ್ದರೆ ಚರ್ಮ ಹೋಗುತ್ತದೆ. ಹೊಟ್ಟೆ ಹಿಡಿದುಕೊಂಡು ಹಾರಿದೆ, ಸುತ್ತಿದೆ, ಒಂಟಿ ಕಾಲಲ್ಲಿ ಕುಪ್ಪಳಿಸಿದೆ. ಡೋಲಿನವರು ಇದು ಹಿಂದೂಸ್ತಾನದ ಕುಣಿತವೆಂದು ತಿಳಿದು "ಯಲ್ಲಾ! ಯಲ್ಲಾ!" ಎನ್ನುತ್ತ ತಾಳ ಏರಿಸಿದರು. ಕತ್ತಿ ಹಿಡಿದವರು ನನ್ನ ಸುತ್ತ ನೆರೆದು ಹೊಟ್ಟೆ ಹಿಡಿದು ಕುಪ್ಪಳಿಸತೊಡಗಿದರು, ಮದುಮಗನೂ ಸೇರಿಕೊಂಡ. ಕೊನೆಗೆ ತೋಟೆಯನ್ನು ಬೆಲ್ಟಿನ ಮೇಲಿಂದ ಹೊರತೆಗೆದು ಎತ್ತಿ ತೋರಿಸಿದಾಗ ಎದ್ದ ಕೇಕೆ ಕೋವಿಯ ಸದ್ದಿಗಿಂತ ದೊಡ್ಡದು.

ಅಣ್ಣ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಬಂದರು. "ಸೋತೆ ತಮ್ಮಾ. ಕೋವಿ ನಿನಗೇ ಇರಲಿ. ಮುಂದಿನ ತಿಂಗಳು ನನ್ನ ಮನೆಯಲ್ಲೂ ಮದುವೆ ಇದೆ. ಈ ಅಕೌಂಟೆಂಟನ್ನು ನನಗೆ ಕೊಟ್ಟುಬಿಡು."

ಅರ್ಬಾಬ್ ನನ್ನನ್ನು ತಬ್ಬಿ ಹಿಡಿದುಕೊಂಡರು.

"ಅಣ್ಣಾ, ಕೋವಿ ಬೇಕಾದರೆ ತೆಗೆದುಕೊಂಡು ಹೋಗಿ. ಇವನ ವೀಸಾ ಮಾತ್ರ ಬಿಟ್ಟುಕೊಡುವುದಿಲ್ಲ!"