ಯುವರಾಜನ ಕಣ್ಣಿನ ಬಿಲ್ಲೆ

ಶನಿವಾರ ಹೊಸದನ್ನು ಮೈಗೆ ತಗುಲಿಸಬಾರದು ಎಂಬುದು ಮಾದಮ್ಮನವರ ಕಾನೂನು. ಹೊಸ ಬಟ್ಟೆ, ಹೊಸ ಚಪ್ಪಲಿ, ಹೊಸ ಬಳೆ, ಕೊನೆಗೆ ಹೊಸ ಉಡಿದಾರ ಕೂಡ ಕೂಡದು. ಈ ಕಾನೂನಿನಲ್ಲಿ ಕಾಂಟ್ಯಾಕ್ಟ್ ಲೆನ್ಸಿನ ಹೆಸರು ಎಲ್ಲೂ ಇರಲಿಲ್ಲ, ನಿಜ. ಆದರೂ ಅವರ ಮಗ, ಹೊಂಗಡಹಳ್ಳದ ಎಸ್ಟೇಟಿನ ರೈಟರ್ ಪುಟ್ಟಸ್ವಾಮಿ, ಅದನ್ನು ಗುರುವಾರವೇ ಒಳ್ಳೆಯ ಗಳಿಗೆ ನೋಡಿ ಹಾಕಿಕೊಂಡು, ಗುರುವಾರ ರಾತ್ರಿ ಹಾಗೇ ಮಲಗಿ, ಶುಕ್ರವಾರ ರಾತ್ರಿಯೂ ಹಾಗೇ ಮಲಗಿ, ಶನಿವಾರ ಬೆಳಗ್ಗೆ ಕಣ್ಣು ಬಿಡಲಾಗದೆ ಹಾಸಿಗೆಯ ಮೇಲೆ ಕೂತಿದ್ದ.

ಅದೇ ರಾತ್ರಿ ನಾಟಕ. ನಾಟಕದಲ್ಲಿ ಅವನು ಯುವರಾಜ.

ಪ್ರತಿವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಊರಿನವರೆಲ್ಲ ಸೇರಿ ಒಂದು ನಾಟಕ ಆಡುತ್ತಿದ್ದರು. ಆಲೂರಿನ ಕಡೆಯ ಹಾರ್ಮೋನಿಯಂ ಮೇಷ್ಟ್ರು ರಂಗಸ್ವಾಮಿ ತಾವೇ ಬರೆದ ರಾಜರ ಕತೆಯನ್ನು ತಂದು, ಎರಡು ತಿಂಗಳು ಊರಲ್ಲೇ ಉಂಡು ಮಲಗಿ ಕಲಿಸುತ್ತಿದ್ದರು. ಆರು ವರ್ಷದಿಂದ ಪುಟ್ಟಸ್ವಾಮಿಗೆ ಒಂದೇ ಪಾತ್ರ. ಈಟಿ ಹಿಡಿದು ಪರದೆಯ ಪಕ್ಕ ನಿಲ್ಲುವ ಕಾವಲುಗಾರ. ಕಾರಣ ಅವನ ಸೋಡಾ ಬುಡ್ಡಿ ಕನ್ನಡಕ. ಅದಕ್ಕೂ ಮುಂಚೆ ಒಂದು ವರ್ಷ ಅದನ್ನು ಹಾಕಿಕೊಂಡೇ ಸೈನಿಕನಾಗಿ ಬಂದಾಗ ಜನ ಶಿಳ್ಳೆ ಹೊಡೆದು, ರಾಜರ ಕಾಲದಲ್ಲಿ ಕನ್ನಡಕದಂಗಡಿ ಯಾವ ಬೀದಿಯಲ್ಲಿತ್ತು ಎಂದು ಕೇಳಿದ್ದರು. ಮರುವರ್ಷ ತೆಗೆದಿಟ್ಟು ಬಂದ. ಶತ್ರುವಿನ ಮೇಲೆ ಬೀಸಿದ ಕತ್ತಿ ಬಾಡಿಗೆಗೆ ತಂದ ಅರಮನೆ ಪರದೆಯನ್ನು ಉದ್ದಕ್ಕೂ ಸೀಳಿತು.

ಎಸ್ಟೇಟಿನಲ್ಲಿ ರೈಟರ್ ಎಂದರೆ ಏನು? ಮೇಲಿನಿಂದ ಸಾಹುಕಾರರು ಬೈಯುತ್ತಾರೆ, ಕೆಳಗಿನಿಂದ ಲೈನುಮನೆಗಳ ಆಳುಗಳು ಬೈಯುತ್ತಾರೆ, ನಡುವೆ ನಿಂತು ಎರಡನ್ನೂ ಕೇಳಿಸಿಕೊಳ್ಳುವವನು ರೈಟರ್. ಜೀವನದಲ್ಲಿ ಒಂದೇ ಒಂದು ರಾತ್ರಿಯಾದರೂ ತಾನು ಆಜ್ಞೆ ಮಾಡಬೇಕು, ಊರೆಲ್ಲ ಕೂತು ಅದನ್ನು ಕೇಳಬೇಕು ಎಂಬ ಆಸೆ ಪುಟ್ಟಸ್ವಾಮಿಯನ್ನು ಆರು ವರ್ಷದಿಂದ ಕೊರೆಯುತ್ತಿತ್ತು. ಈ ಸಲ ಮೇಷ್ಟ್ರು ಮೆತ್ತಗಾಗಿ, “ಕನ್ನಡಕ ಇಲ್ದೆ ನಾಯಕಿ ಯಾರು, ಸೇನಾಪತಿ ಯಾರು ಅಂತ ಗೊತ್ತಾಗಂಗೆ ಮಾಡ್ಕೊಂಡು ಬಾ, ಯುವರಾಜ ನೀನೇ” ಅಂದಿದ್ದರು. ಅವನು ಹಾಸನಕ್ಕೆ ಹೋಗಿ ಲೆನ್ಸು ಮಾಡಿಸಿಕೊಂಡು ಬಂದ.

ಅಂಗಡಿಯವನು ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ್ದ. ಕೈ ತೊಳೆದು ಹಾಕಿ, ರಾತ್ರಿ ತೆಗೆದು ಈ ನೀರಿನ ಡಬ್ಬಿಯಲ್ಲಿಡಿ, ಹಾಕಿಕೊಂಡು ಮಲಗಬೇಡಿ. ಪುಟ್ಟಸ್ವಾಮಿ ತಲೆ ಆಡಿಸಿದ್ದ. ಆದರೆ ಮನೆಯಲ್ಲಿ ಮಾದಮ್ಮ ಇದ್ದರು.

“ಗುರುವಾರ ಹಾಕ್ಕೊಂಡು ತೆಗ್ದು, ಶನಿವಾರ ಮತ್ತೆ ಹಾಕ್ಕೊಂಡ್ರೆ ಶನಿವಾರ ಹಾಕ್ಕೊಂಡಂಗೇ ಲೆಕ್ಕ ಕಣೋ ಮಗ. ನಾಟಕ ಮುಗಿಯೋಗಂಟ ಅದ್ರ ಪಾಡಿಗೆ ಇರ್ಲಿ ಬುಡು. ತಾಳಿ ಏನ್ ದಿನಾ ಬಿಚ್ಚಿ ಡಬ್ಬೀಲಿಡ್ತಾರಾ?”

ಇದಕ್ಕೆ ಉತ್ತರವಿತ್ತು. ಪುಟ್ಟಸ್ವಾಮಿ ಕೊಡಲಿಲ್ಲ, ಏಕೆಂದರೆ ಆ ಬಿಲ್ಲೆಗಳನ್ನು ಹಾಕಿಕೊಳ್ಳುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು. ಹೆಂಡತಿ ಚಂದ್ರಿಕಾ ರೆಪ್ಪೆ ಹಿಡಿದು, ತಾಯಿ ತಲೆ ಹಿಡಿದು, ದನಕ್ಕೆ ಗೊಟ್ಟದಲ್ಲಿ ಔಷಧಿ ಹೊಯ್ದ ಹಾಗೆ ಹಾಕಿಸಿದ್ದರು. ಮತ್ತೆ ಆ ಫಜೀತಿ ಬೇಡವೆಂದು ಅವನಿಗೂ ಅನ್ನಿಸಿತ್ತು. ಸೋಮಾರಿತನಕ್ಕೆ ಶಾಸ್ತ್ರದ ಬೆಂಬಲ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ? ಶುಕ್ರವಾರ ಕಣ್ಣಲ್ಲಿ ಮರಳು ಹೊಕ್ಕ ಹಾಗೆ ಆದಾಗಲೂ, ಹೊಸ ಚಪ್ಪಲಿಯೂ ಮೊದಲು ಕಚ್ಚುತ್ತದೆ ಎಂದುಕೊಂಡು ಸುಮ್ಮನಿದ್ದ.

ಈಗ ಶನಿವಾರ. ಚಂದ್ರಿಕಾ ಬಿಸಿನೀರಲ್ಲಿ ಬಟ್ಟೆ ಅದ್ದಿ ಅಂಟಿದ ರೆಪ್ಪೆಗಳನ್ನು ಬಿಡಿಸಿದಳು. ಬಿಡಿಸಿದವಳೇ ಒಂದು ಹೆಜ್ಜೆ ಹಿಂದೆ ಸರಿದಳು.

“ರೀ, ಹಣ್ಣು ಕಾಫಿ ಥರ ಕೆಂಪಗಾಗ್ಬುಟ್ಟೈತೆ ಕಣ್ಣು.”

“ಉರೀತೈತೆ ಕಣೇ. ಬೆಳಕು ನೋಡಕ್ಕಾಗ್ತಿಲ್ಲ. ಮೊದ್ಲು ಇದನ್ನ ತೆಗಿ.”

ಎಡಗಣ್ಣಿನದು ಹೇಗೋ ಬಂತು. ಅದನ್ನು ಒಂದು ಬಟ್ಟಲು ನೀರಿಗೆ ಹಾಕಿಟ್ಟರು. ಬಲಗಣ್ಣಿನದು ಕಾಣಲೇ ಇಲ್ಲ. ಇಬ್ಬರೂ ಅದನ್ನು ಹುಡುಕುತ್ತಿರುವಾಗ ಪಕ್ಕದ ಮನೆಯ ಸುಲೋಚನಮ್ಮ ಬಂದರು. ಈ ಸುಲೋಚನಮ್ಮನಿಗೆ ಊರಿನಲ್ಲಿ ಯಾರ ಮನೆಯಲ್ಲಿ ಯಾರು ನರಳಿದರೂ ತಮ್ಮ ಮನೆಯಲ್ಲಿ ಕೂತೇ ಕೇಳಿಸುತ್ತಿತ್ತು.

“ಕಣ್ಣು ಬಂದೈತೆ” ಎಂದು ಅವರು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. “ನನ್ನ ಕಡೆ ನೋಡ್ಬೇಡ ಪುಟ್ಟಸಾಮಿ, ಗೋಡೆ ಕಡೆ ತಿರುಕ್ಕೊ. ಬಾಣಂತಿ ಹಾಲು ಎರಡು ತೊಟ್ಟು ಬುಟ್ರೆ ಸಂಜೆಗೆ ಇಳ್ದೋಗ್ತದೆ. ಲೈನಲ್ಲಿ ಬೆಟ್ಟಮ್ಮನ ಸೊಸೆ ಹೆತ್ತವ್ಳೆ, ನಾನು ತತ್ತೀನಿ.”

“ಬ್ಯಾಡ ಸುಲೋಚನಕ್ಕ, ಇದು ಕಣ್ಣು ಬಂದಿರೋದಲ್ಲ, ಲೆನ್ಸು...”

ಹೇಳುವಷ್ಟರಲ್ಲಿ ಅವರು ಗೇಟು ದಾಟಿದ್ದರು. ಹಾಲು ಬರಲಿಲ್ಲ. ಬೆಟ್ಟಮ್ಮನ ಸೊಸೆ ಮೊದಲು ಕಾಯಿಲೆ ಯಾವುದೆಂದು ಕೇಳಿದ್ದಳು, ಕೇಳಿದ ಮೇಲೆ ಮಗುವನ್ನು ಎತ್ತಿಕೊಂಡು ಬಾಗಿಲು ಹಾಕಿಕೊಂಡಿದ್ದಳು. ಇಡೀ ಲೈನಿಗೆ ಸುದ್ದಿ ಮಾತ್ರ ಚೆನ್ನಾಗಿ ಹಂಚಿಕೆಯಾಯಿತು.

ಇತ್ತ ಮಾದಮ್ಮ ಕಣ್ಣಿಗೆ ತಂಪೆಂದು ನಂದಿಬಟ್ಟಲ ಹೂವು ಕಿತ್ತು ತಂದು, ಅದನ್ನು ನೆನೆಹಾಕಲು ಒಂದು ಬಟ್ಟಲು ಹುಡುಕಿದರು. ಒಂದು ಬಟ್ಟಲು ಕಣ್ಣೆದುರಿಗೇ ಇತ್ತು. ಅದರಲ್ಲಿದ್ದ ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲಿ, ಹೂವು ಹಾಕಿದರು.

“ಅವ್ವ, ಅದ್ರಲ್ಲಿ ಲೆನ್ಸು ಇತ್ತಲ್ಲ?” ಎಂದ ಪುಟ್ಟಸ್ವಾಮಿ.

“ಏನಿತ್ತು? ಬರೀ ನೀರಿತ್ತು.”

ಇದು ಸುಳ್ಳೇನಲ್ಲ. ನೀರಿನಲ್ಲಿ ಕಾಣಬಾರದೆಂದೇ ಆ ಬಿಲ್ಲೆಯನ್ನು ಯಾರೋ ಕಂಪನಿಯವರು ಅಷ್ಟು ಕಷ್ಟಪಟ್ಟು ಮಾಡಿದಂತಿತ್ತು. ಚಂದ್ರಿಕಾ ಕಿಟಕಿಯ ಕೆಳಗಿನ ಕೆಸುವಿನ ಗಿಡಗಳ ನಡುವೆ ಮಂಡಿಯೂರಿ ಹುಡುಕಿದಳು. ಪ್ರತಿ ಎಲೆಯ ಮೇಲೂ ಒಂದೊಂದು ಹನಿ ಇಬ್ಬನಿ ಬಿಲ್ಲೆಯ ಹಾಗೇ ಮಿನುಗುತ್ತಿತ್ತು. ಕೊನೆಗೆ ಅವಳು ಮಣ್ಣಾದ ಸೆರಗು ಕೊಡವಿಕೊಂಡು ಎದ್ದು, “ಸಕಲೇಶಪುರಕ್ಕೆ ಹೋಗನ ಏಳಿ, ಇನ್ನೂ ಯಾರಾದ್ರೂ ಔಷಧಿ ತರೋದ್ರೊಳಗೆ” ಅಂದಳು. ಆ ಮನೆಯಲ್ಲಿ ಅಂದು ಹುಟ್ಟಿದ ಬುದ್ಧಿಯ ಮಾತು ಅದೊಂದೇ.

ಬಸ್ಸಿನಲ್ಲಿ ಪುಟ್ಟಸ್ವಾಮಿ ಹೆಂಡತಿಯ ಭುಜ ಹಿಡಿದು, ತಲೆಯ ಮೇಲೆ ಟವಲು ಮುಸುಕು ಹಾಕಿಕೊಂಡು ಕೂತ. ಬಸ್ಸು ತುಂಬಿತ್ತು, ಆದರೆ ಅವನ ಸುತ್ತಲಿನ ಮೂರು ಸೀಟು ಖಾಲಿಯಾದವು. ಮುಂದಿನ ಅರ್ಧ ಬಸ್ಸು ಅವನಿಗೆ ಕಣ್ಣು ಬಂದಿದೆ ಅಂದಿತು. ಹಿಂದಿನ ಅರ್ಧ, ರಾತ್ರಿ ಹಾಕಿದ್ದು ಇನ್ನೂ ಇಳಿದಿಲ್ಲ ಅಂದಿತು. ಎರಡು ಪಕ್ಷದವರೂ ಅವನನ್ನು ಒಂದು ಮಾತೂ ಕೇಳದೆ ಸಕಲೇಶಪುರದವರೆಗೂ ವಾದ ಮಾಡಿದರು.

“ಪಾಪ, ಹೆಂಡ್ತಿ ನೋಡಿ” ಎಂದು ಒಬ್ಬರು ಅಜ್ಜಿ ಚಂದ್ರಿಕಾಳ ಕೈ ಸವರಿದರು. “ನಮ್ಮೆಜಮಾನ್ರೂ ಹಿಂಗೇ ಇದ್ರು ಕಣವ್ವ. ಕೊನೇಲಿ ಬುಟ್ರು.”

“ಇವ್ರು ಕುಡ್ಯಲ್ಲ ಅಜ್ಜಿ.”

“ನಾನೂ ಹಂಗೇ ಹೇಳ್ತಿದ್ದೆ” ಅಂದರು ಅಜ್ಜಿ.

ಹಾಸನದಿಂದ ಶನಿವಾರ ಮಾತ್ರ ಬರುವ ಕಣ್ಣಿನ ಡಾಕ್ಟರಮ್ಮನ ಮುಂದೆ ಕೂತಾಗ ಮಧ್ಯಾಹ್ನವಾಗಿತ್ತು. ಅವರು ರೆಪ್ಪೆ ಮಗುಚಿ, ಬೆಳಕು ಬಿಟ್ಟು ನೋಡಿ, ಮೇಲಿನ ರೆಪ್ಪೆಯ ಸಂದಿಯಲ್ಲಿ ಅಡಗಿ ಕೂತಿದ್ದ ಬಲಗಣ್ಣಿನ ಬಿಲ್ಲೆಯನ್ನು ಹೊರಗೆ ತೆಗೆದರು. ಅದು ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಮುದುರಿತ್ತು.

“ಎಷ್ಟು ಹೊತ್ತಿನಿಂದ ಹಾಕಿದ್ದೀರಿ?”

“ಗುರುವಾರದಿಂದ ಮೇಡಂ.”

“ರಾತ್ರಿ ತೆಗೆದಿಲ್ಲವೇ? ಯಾಕೆ?”

ಪುಟ್ಟಸ್ವಾಮಿ ಹೆಂಡತಿಯ ಕಡೆ ತಿರುಗಿದ. ಹೆಂಡತಿ ಗೋಡೆಯ ಕಡೆ ತಿರುಗಿದಳು.

“ಶನಿವಾರ ಹೊಸದು ಹಾಕ್ಬಾರ್ದು ಅಂತ...”

ಡಾಕ್ಟರಮ್ಮ ಕೈಯಲ್ಲಿದ್ದ ಟಾರ್ಚನ್ನು ಮೇಜಿನ ಮೇಲಿಟ್ಟರು. ಅವರು ಇಪ್ಪತ್ತು ವರ್ಷದಿಂದ ಕಣ್ಣು ನೋಡುತ್ತಿದ್ದರು. ಇಂಥ ಕಾರಣ ಮಾತ್ರ ಇದೇ ಮೊದಲು.

“ನೋಡಿ, ಕಣ್ಣಿಗೂ ಉಸಿರಾಡೋಕೆ ಗಾಳಿ ಬೇಕು. ರೆಪ್ಪೆ ಮುಚ್ಚಿ ಮಲಗಿದಾಗ ಮೊದಲೇ ಕಡಿಮೆ ಸಿಗುತ್ತೆ. ಅದರ ಮೇಲೆ ನೀವು ಇದೊಂದು ಮುಚ್ಚಳ ಹಾಕಿದ್ದೀರಿ. ಕಪ್ಪುಗುಡ್ಡೆ ಮೇಲೆ ಗೀರು ಬಿದ್ದಿದೆ, ಸೋಂಕು ಶುರುವಾಗಿದೆ. ಇನ್ನೊಂದೆರಡು ರಾತ್ರಿ ಹೀಗೇ ಮಲಗಿದ್ದರೆ ಹುಣ್ಣಾಗಿ ದೃಷ್ಟಿಯೇ ಹೋಗ್ತಿತ್ತು. ಆಮೇಲೆ ವಾರ ನೋಡೋಕೂ ಕ್ಯಾಲೆಂಡರ್ ಕಾಣ್ತಿರಲಿಲ್ಲ.”

ಪುಟ್ಟಸ್ವಾಮಿ ತಲೆ ಆಡಿಸಿದ. ಆದರೂ ಕೇಳಿದ. “ಇವತ್ತು ರಾತ್ರಿ ನಾಟಕ ಐತೆ ಮೇಡಂ. ಇನ್ನೊಂದ್ ಜೊತೆ ಲೆನ್ಸು, ಒಂದೇ ಒಂದ್ ರಾತ್ರಿಗೆ...”

“ನಾನು ಹೇಳೋವರೆಗೂ ಲೆನ್ಸ್ ಮುಟ್ಟಬೇಡಿ. ಗಂಟೆಗೊಂದು ಸಲ ಈ ಡ್ರಾಪ್ಸ್. ಬೆಳಕಿಗೆ ಹೋಗುವಾಗ ಕಪ್ಪು ಕನ್ನಡಕ. ನಾಡಿದ್ದು ಹಾಸನಕ್ಕೆ ಬಂದು ತೋರಿಸಿ.” ನಂತರ ಚಂದ್ರಿಕಾಳಿಗೆ ಹೇಳಿದರು. “ಇವರಿಗೆ ಬೇರೆ ಯಾರಾದರೂ ಔಷಧಿ ಹೇಳಿದರೆ, ಅದನ್ನ ಅವರ ಕಣ್ಣಿಗೇ ಮೊದಲು ಹಾಕಿ ನೋಡಿ.”

ಕತ್ತಲಾಗುವ ಹೊತ್ತಿಗೆ ನಾಟಕದ ಬಯಲಿನಲ್ಲಿ ಜನರೇಟರು ಗುಡುಗುತ್ತಿತ್ತು. ಬಾಡಿಗೆ ಪರದೆ ಕಟ್ಟಿ, ಹಾಸನದಿಂದ ನಾಯಕಿಯ ಪಾತ್ರಕ್ಕೆ ಬಂದ ಕಲಾವಿದೆ ಚಹಾ ಕುಡಿದು, ಎಲ್ಲ ತಯಾರಾಗಿತ್ತು. ಪುಟ್ಟಸ್ವಾಮಿ ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಬಿದಿರ ಕೋಲು, ಇನ್ನೊಂದು ಕೈ ಹೆಂಡತಿಯ ಭುಜದ ಮೇಲೆ ಇಟ್ಟುಕೊಂಡು, ತಡವರಿಸುತ್ತ ರಂಗದ ಹಿಂದಕ್ಕೆ ಬಂದ. ಮೇಕಪ್ಪಿನವನು ಅವನನ್ನು ಕಂಡವನೇ ಬಣ್ಣದ ಡಬ್ಬಿಗಳ ಮುಚ್ಚಳ ಹಾಕಿಬಿಟ್ಟ.

“ಇದು ಅಂಟಲ್ಲ ಮಾರಾಯ” ಎಂದ ಪುಟ್ಟಸ್ವಾಮಿ. “ಲೆನ್ಸಿಂದ ಆಗಿರೋದು.”

“ಯಾತರಿಂದ ಆದ್ರೂ ಬ್ರಶ್ ಎಲ್ರಿಗೂ ಒಂದೇ ರೈಟ್ರೇ” ಎಂದ ಮೇಕಪ್ಪಿನವನು.

ರಂಗಸ್ವಾಮಿ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತರು. ಪುಟ್ಟಸ್ವಾಮಿ ಬೇಡಿಕೊಂಡ.

“ಮೇಷ್ಟ್ರೇ, ಮಾತೆಲ್ಲ ಬಾಯಿಗೆ ಬತ್ತದೆ. ಯುವರಾಜ ಒಂದ್ ರಾತ್ರಿ ಕೂಲಿಂಗ್ ಗ್ಲಾಸ್ ಹಾಕ್ಕೊಂಡ್ರೆ ಏನಾಯ್ತದೆ? ಬೇಟೆಗೆ ಹೋಗಿದ್ದ ಅನ್ನಿ, ಬಿಸ್ಲು ಜಾಸ್ತಿ ಇತ್ತು ಅನ್ನಿ.”

“ಕತ್ತಿ ಯಾರ ಮೇಲೆ ಬೀಸ್ತೀಯ ಅಂತ ಮೊದ್ಲು ಹೇಳು. ಪರದೆಯೋನು ಈಗ್ಲೇ ನಿನ್ನ ನೋಡಿ ನನ್ನ ಹತ್ರ ಬಂದೋದ.”

ಆಗ ಟೈಲರ್ ಅಣ್ಣಯ್ಯ ಮೆಲ್ಲಗೆ ಕೆಮ್ಮಿದ. ಅವನದು ಯುವರಾಜನ ಅಪ್ಪ, ಮಾತೇ ಇಲ್ಲದ ಕುರುಡು ಮಹಾರಾಜನ ಪಾತ್ರ. ಎರಡು ತಿಂಗಳು ಅಭ್ಯಾಸದಲ್ಲಿ ಸಿಂಹಾಸನದ ಮೇಲೆ ಕಣ್ಣು ಮುಚ್ಚಿ ಕೂತು, ಬೇರೆ ಕೆಲಸವಿಲ್ಲದೆ ಎಲ್ಲರ ಮಾತನ್ನೂ ಕೇಳಿಸಿಕೊಂಡಿದ್ದ.

“ಯುವರಾಜನ ಮಾತು ನನಗೂ ಬತ್ತದೆ ಮೇಷ್ಟ್ರೇ. ಹಾಡು ಸಮೇತ.”

ಅಲ್ಲೇ ಒಂದು ಹಾಡಿನ ಎರಡು ಸಾಲು ಹೇಳಿದ. ಯುವರಾಜನ ಜರಿಯ ಕೋಟನ್ನು ತೊಡಿಸಿ ನೋಡಿದರು. ಅದು ಅವನ ಮೈಗೆ ಅಚ್ಚುಕಟ್ಟಾಗಿ ಕೂತಿತು. ಹೊಲಿದವನು ಅವನೇ ಆದ್ದರಿಂದ ಇದರಲ್ಲಿ ಆಶ್ಚರ್ಯವಿರಲಿಲ್ಲ.

“ಆಯ್ತು, ಇವ್ನು ಯುವರಾಜ ಆದ” ಎಂದ ಪುಟ್ಟಸ್ವಾಮಿ ಸಿಟ್ಟಿನಿಂದ, ಕೋಲನ್ನು ನೆಲಕ್ಕೆ ಕುಟ್ಟಿ. “ಹಂಗಾದ್ರೆ ಕುರುಡು ರಾಜ ಯಾರು? ಹೇಳಿ ನೋಡನ. ಈಗ ಎಲ್ಲಿಂದ ತತ್ತೀರ ಕುರುಡು ರಾಜನ್ನ?”

ಕಪ್ಪು ಕನ್ನಡಕದಿಂದ ಕೋಲಿಗೆ, ಕೋಲಿನಿಂದ ಹೆಂಡತಿಯ ಭುಜದ ಮೇಲಿದ್ದ ಕೈಗೆ ಎಲ್ಲರ ದೃಷ್ಟಿ ಹೋಯಿತು. ಪುಟ್ಟಸ್ವಾಮಿಗೆ ಮಾತ್ರ ಅದು ಕಾಣಲಿಲ್ಲ. ಮೇಷ್ಟ್ರು ಎದ್ದು ಬಂದು ಅವನ ತಲೆಯ ಮೇಲೆ ಕಿರೀಟ ಇಟ್ಟಾಗಲೇ ಅವನಿಗೆ ಗೊತ್ತಾದದ್ದು.

ನಾಟಕ ನಡೆಯಿತು. ಪುಟ್ಟಸ್ವಾಮಿ ಕನ್ನಡಕ ತೆಗೆದಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ ಸಿಂಹಾಸನದಲ್ಲಿ ಕೂತು, ತಾನು ಎರಡು ತಿಂಗಳು ಕಂಠಪಾಠ ಮಾಡಿದ ಮಾತುಗಳನ್ನು ಅಣ್ಣಯ್ಯ ಹೇಳುವುದನ್ನು ಕೇಳಿದ. ಅಣ್ಣಯ್ಯ ಆಜ್ಞೆ ಮಾಡಿದಾಗಲೆಲ್ಲ ಜನ ಚಪ್ಪಾಳೆ ತಟ್ಟಿದರು. ಉರಿಗೆ ಪುಟ್ಟಸ್ವಾಮಿಯ ಮುಚ್ಚಿದ ಕಣ್ಣಿನಿಂದ ಧಾರಾಕಾರವಾಗಿ ನೀರು ಸುರಿಯಿತು. ಅದರಲ್ಲಿ ಎಷ್ಟು ಕಣ್ಣಿನ ಉರಿ, ಎಷ್ಟು ಹೊಟ್ಟೆಯುರಿ ಎಂದು ಡಾಕ್ಟರಮ್ಮನೂ ಹೇಳಲಾರರು. ಗಂಟೆಗೊಮ್ಮೆ ಚಂದ್ರಿಕಾ ಸೆರಗು ಹೊದ್ದು ರಂಗದ ಮೇಲೆ ಬಂದು, ರಾಜನ ತಲೆ ಹಿಂದಕ್ಕೆ ಬಾಗಿಸಿ ಔಷಧಿ ಹಾಕಿ ಹೋಗುತ್ತಿದ್ದಳು. ಇದನ್ನು ಪತಿವ್ರತೆ ಮಹಾರಾಣಿಯ ಪಾತ್ರವೆಂದು ತಿಳಿದ ಹೆಂಗಸರು ಮೂಗೊರೆಸಿಕೊಂಡರು. ಮಗನ ಪಟ್ಟಾಭಿಷೇಕ ಕಾಣಲಾಗದ ತಂದೆಯ ದುಃಖಕ್ಕೆ ಇಡೀ ಬಯಲು ಗೊಳೋ ಅಂದಿತು.

ಬೆಳಗ್ಗೆ ಪುಟ್ಟಸ್ವಾಮಿ ಜಗಲಿಯ ನೆರಳಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಾಗ ರಂಗಸ್ವಾಮಿ ಮೇಷ್ಟ್ರು ಹಾರ ಹಿಡಿದುಕೊಂಡು ಬಂದರು.

“ನಲವತ್ತು ವರ್ಷ ನಾಟಕ ಕಲಿಸ್ದೆ ಪುಟ್ಟಸ್ವಾಮಿ, ಇಂಥ ಕಣ್ಣೀರು ನೋಡಿರ್ಲಿಲ್ಲ. ಹೆಗ್ಗದ್ದೆಯೋರು ಈಗ್ಲೇ ಬಂದು ಅವ್ರೂರಿಗೂ ಕರದವ್ರೆ. ಕುರುಡು ರಾಜ ಇನ್ಮೇಲೆ ಖಾಯಂ ನಿಂದೇ. ಯಾರು ಅಡ್ಡ ಬಂದ್ರೂ ನಾನು ಬುಡಲ್ಲ.”

“ಯುವರಾಜ, ಮೇಷ್ಟ್ರೇ?” ಎಂದ ಪುಟ್ಟಸ್ವಾಮಿ ಕ್ಷೀಣವಾಗಿ.

“ಅದು ಯಾರ್ ಬೇಕಾದ್ರೂ ಮಾಡ್ತಾರೆ.” ಮೇಷ್ಟ್ರು ಹಾರ ಹಾಕಿ, ಕಿವಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದರು. “ಒಂದೇ ಒಂದ್ ಶರತ್ತು. ನಾಟಕಕ್ಕೆ ಎರಡು ರಾತ್ರಿ ಮುಂಚಿಂದ ಆ ಬಿಲ್ಲೆ ಹಾಕ್ಕೊಂಡೇ ಮಲಗ್ಬೇಕು.”