ಹಾರ ತೂಗುಹಾಕಿದ ಜಾಗ

ಎಲ್ಲ ಶುರುವಾದದ್ದು ಒಂದು ಗಂಧದ ಹಾರದಿಂದ. ಕಾರ್ಕಳದಿಂದ ತರಿಸಿದ್ದು, ಮುಟ್ಟಿದರೆ ಎಸಳು ಉದುರುವಷ್ಟು ನಾಜೂಕು. ಸಂಜೆಯವರೆಗೆ ಅದನ್ನು ಎಲ್ಲಿಡುವುದೆಂದು ಭರತೇಶನಿಗೆ ತಲೆಬಿಸಿ. ಮೇಜಿನ ಮೇಲಿಟ್ಟರೆ ಯಾರಾದರೂ ಫೈಲು ಬಿಸಾಕುತ್ತಾರೆ, ಕಪಾಟಿನಲ್ಲಿಟ್ಟರೆ ಇಲಿ.

ಭರತೇಶ ಕೋಲ್ಕತ್ತಾ ಹೈಕೋರ್ಟಿನ ಹತ್ತಿರದ ಒಂದು ಲಾ ಫರ್ಮಿನ ಮ್ಯಾನೇಜರು. ಫರ್ಮು ಕಟ್ಟಿದ ಉಡುಪಿ ಕಡೆಯ ರಾಮಕೃಷ್ಣ ರಾಯರು ಆ ಸಂಜೆ ನಿವೃತ್ತರಾಗುವವರಿದ್ದರು. ಪಾಲುದಾರರಾದ ಚಂದ್ರಹಾಸ ಮತ್ತು ಸೇನ್ ಬಾಬು ಇಬ್ಬರಿಗೂ ಅವರ ಕುರ್ಚಿಯ ಮೇಲೆ ಕಣ್ಣು. ಅದು ಸಿಗದವನು ಫರ್ಮಿನ ದೊಡ್ಡ ಕಕ್ಷಿದಾರನಾದ ಸೆಕ್ಟರ್ ಫೈವಿನ ಐಟಿ ಕಂಪನಿಯನ್ನು ಎಳೆದುಕೊಂಡು ಬೇರೆ ಫರ್ಮು ತೆರೆಯುವುದು ಖಂಡಿತ. ಆಮೇಲೆ ಇಲ್ಲಿ ಉಳಿಯುವುದು ಬಾಡಿಗೆ ಮನೆ ಜಗಳಗಳು ಮಾತ್ರ.

ಪಾಪ, ಭರತೇಶನಿಗೆ ಕುರ್ಚಿ ಬೇಡ, ರಜೆ ಬೇಕು. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ! ಕಳೆದ ಸಲದ್ದು ಯಾವುದೋ ಕೇಸಿನ ಗಲಾಟೆಯಲ್ಲಿ ತಪ್ಪಿಹೋಗಿತ್ತು. ಈ ಸಲ ರಾಯರೇ ಹೇಳಿದ್ದರು: “ನಾನು ಸುಸೂತ್ರ ಕುರ್ಚಿ ಬಿಡ್ಲಿ ಮಾರಾಯ, ಮರುದಿನದಿಂದ ನಿಂಗೆ ರಜೆ.” ರಾತ್ರಿ ಹೌರಾದಿಂದ ರೈಲು. ಹೆಂಡತಿ ತುಳಸಿ ಲೇಕ್ ಗಾರ್ಡನ್ಸಿನ ಮನೆಯಲ್ಲಿ ಚೀಲ ಕಟ್ಟಿ ಕೂತಿದ್ದಳು.

ಬೀಳ್ಕೊಡುಗೆಗೆಂದು ರಾಯರ ದೊಡ್ಡ ಫೋಟೊ ಕಟ್ಟು ಹಾಕಿಸಿ ಮುಂಬಾಗಿಲ ಎದುರಿನ ಗೋಡೆಗೆ ಹಾಕಿದ್ದರು. ಭರತೇಶ ಹಾರವನ್ನು ಅದರ ಮೇಲೆಯೇ ತೂಗುಹಾಕಿದ. ಸಂಜೆ ತೆಗೆದು ರಾಯರ ಕೊರಳಿಗೆ ಹಾಕಿದರಾಯಿತು ಎಂದುಕೊಂಡು ಸಂದೇಶ್ ತರಲು ಮಿಠಾಯಿ ಅಂಗಡಿಗೆ ಹೋದ.

ಊಟ ಮುಗಿಸಿ ಬಂದ ಟೆಲಿಫೋನಿನ ಹುಡುಗಿ ಮೌಸುಮಿ ಫೋಟೊ ನೋಡಿದಳು, ಹಾರ ನೋಡಿದಳು, ಊದುಬತ್ತಿ ಹಚ್ಚಿ ಊರಿಗೆಲ್ಲ ಫೋನು ಮಾಡಿದಳು.

ಭರತೇಶ ಮರಳಿದಾಗ ಮೆಟ್ಟಿಲ ತುಂಬ ಚಪ್ಪಲಿ. ಐಟಿ ಕಂಪನಿಯ ಅಧಿಕಾರಿ ಲಾರಿ ಚಕ್ರದಷ್ಟು ದೊಡ್ಡ ರಜನೀಗಂಧದ ಹೂಚಕ್ರ ಹಿಡಿದು ನಿಂತಿದ್ದರು.

“ಎಲ್ಲಿ ಹೋಗಿದ್ದೆ ಮಾರಾಯ? ರಾಯರು ಹೋದ್ರಲ್ಲ!” ಎಂದ ಚಂದ್ರಹಾಸ.

“ಅಯ್ಯೋ! ಬೆಳಿಗ್ಗೆ ಚೆನ್ನಾಗಿಯೇ ಮಾತಾಡಿದ್ರಲ್ಲ!” ಭರತೇಶ ಸಂದೇಶಿನ ಡಬ್ಬಿ ಅಪ್ಪಿಕೊಂಡು ಗೊಳೋ ಎಂದು ಅತ್ತ. ಅಳುತ್ತ ಅಳುತ್ತ ಹಾರದ ಮೇಲೆ ಕಣ್ಣು ಬಿತ್ತು. ಅದನ್ನು ತೂಗುಹಾಕಿದ್ದು ತಾನೇ!

ನಿಜ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಸೇನ್ ಬಾಬು ಚಂದ್ರಹಾಸನನ್ನು ತಬ್ಬಿಕೊಂಡರು. “ದೊಡ್ಡಣ್ಣನಂತಿದ್ದ ದಾದಾನ ಫೋಟೊ ಮುಂದೆ ಆಣೆ. ಕುರ್ಚಿ ನಿಮಗೇ ಇರಲಿ.”

“ಛೆ ಛೆ, ನೀವೇ ದೊಡ್ಡವರು, ನೀವೇ ಕೂತ್ಕೊಳ್ಳಿ.”

ಅಧಿಕಾರಿಯೂ ಕಣ್ಣೊರೆಸಿಕೊಂಡರು. “ನೀವಿಬ್ಬರೂ ಹೀಗೆ ಒಂದಾಗಿದ್ದರೆ ನಮ್ಮ ಕೆಲಸ ಎಲ್ಲಿಗೂ ಹೋಗುವುದಿಲ್ಲ.”

ಭರತೇಶ ತೆರೆದ ಬಾಯಿ ಮುಚ್ಚಿದ. ಹೇಳಿದರೆ ಜಗಳ, ಸುಮ್ಮನಿದ್ದರೆ ಶ್ರವಣಬೆಳಗೊಳ. ಆ ಹೊತ್ತಿಗೆ ಜೇಬಿನ ಮೊಬೈಲು ಬಡಿದುಕೊಂಡಿತು, ತುಳಸಿಯದು.

“ಎಂತದ್ರೀ, ರಾಯರು ತೀರ್ಕೊಂಡ್ರಂತೆ! ಟಿಕೇಟು ಕ್ಯಾನ್ಸಲ್ ಮಾಡುವುದಾ?”

“ಮಾಡ್ಬೇಡ ಮಾರಾಯ್ತಿ! ರಾಯರು ಗಟ್ಟಿ ಇದ್ದಾರೆ!”

ಇಡೀ ಆಫೀಸು ಅವನತ್ತ ತಿರುಗಿತು.

“ಗಟ್ಟಿಯೇ ಇದ್ದೇನೆ,” ಎಂದಿತು ಬಾಗಿಲಿನಿಂದ ಒಂದು ದನಿ. ಬೀಳ್ಕೊಡುಗೆಗೆಂದು ಹೊಸ ಪಂಚೆ ಉಟ್ಟು ರಾಯರು ನಿಂತಿದ್ದರು. ಮೌಸುಮಿ ಕಿಟಾರನೆ ಕಿರುಚಿದಳು. ಪಾಲುದಾರರಿಬ್ಬರೂ ಕಾದ ಕಾವಲಿ ಮುಟ್ಟಿದವರಂತೆ ಒಬ್ಬರನ್ನೊಬ್ಬರು ಬಿಟ್ಟರು.

“ಕುರ್ಚಿ ನನಗೆ ಅಂತ ನೀವೇ ಹೇಳಿದ್ದೀರಿ!” ಎಂದ ಚಂದ್ರಹಾಸ.

“ಅದು ದಾದಾ ಸತ್ತಿದ್ದರೆ!” ಎಂದರು ಸೇನ್ ಬಾಬು.

ರಾಯರು ಕೋಲು ಕುಟ್ಟಿದರು. “ನಾನು ಸತ್ರೆ ಒಂದಾಗ್ತೀರಿ, ಬದುಕಿದ್ರೆ ಕಚ್ಚಾಡ್ತೀರಿ. ಸಾಯ್ಲಿಕ್ಕೆ ನನಗೆ ಪುರ್ಸೊತ್ತಿಲ್ಲ. ನಿವೃತ್ತಿ ಕ್ಯಾನ್ಸಲ್!”

ಅಧಿಕಾರಿ ಹೂಚಕ್ರ ಗೋಡೆಗೊರಗಿಸಿ ಚಪ್ಪಾಳೆ ಹೊಡೆದರು. ಎಲ್ಲರೂ ಹೊಡೆದರು, ಒಬ್ಬನನ್ನು ಬಿಟ್ಟು.

“ಸರ್, ನನ್ನ ರಜೆ...”

“ನಾನು ಕುರ್ಚಿ ಬಿಟ್ಟ ಮರುದಿನದಿಂದ ಅಂತಲ್ವಾ ಮಾತು? ಮುಂದಿನ ಅಭಿಷೇಕ ಯಾವಾಗ?”

“ಇನ್ನು ಹನ್ನೆರಡು ವರ್ಷಕ್ಕೆ, ಸರ್.”

“ಆಯ್ತು. ಅಷ್ಟರೊಳಗೆ ಖಂಡಿತ ಬಿಡ್ತೇನೆ.” ರಾಯರು ಫೋಟೊದ ಮೇಲಿನ ಹಾರ ತೆಗೆದು ಪ್ರೀತಿಯಿಂದ ಭರತೇಶನ ಕೊರಳಿಗೆ ಹಾಕಿದರು. “ಇದನ್ನು ಇಲ್ಲಿ ತೂಗುಹಾಕಿ ಫರ್ಮು ಉಳಿಸಿದವ ನೀನು!”

ಮೊಬೈಲು ಮತ್ತೆ ಬಡಿದುಕೊಂಡಿತು. “ಟ್ಯಾಕ್ಸಿ ಬಂತು. ಎಲ್ಲಿದ್ದೀರಿ?”

“ಟಿಕೇಟು ಕ್ಯಾನ್ಸಲ್ ಮಾಡು ತುಳಸೀ,” ಎಂದ ಭರತೇಶ. “ಈಗ ಹಾರ ಬಿದ್ದದ್ದು ನನಗೆ.”