ಕೆಂಪು ಸಿಲಿಂಡರ್ ಒಲ್ಲದ ಆರ್ನಾಲ್ಡ್

ಆರ್ನಾಲ್ಡ್ ಡಾಡ್‌ಗೆ ಈ ಲೋಕದಲ್ಲಿ ಭಕ್ತಿ ಇದ್ದದ್ದು ಎರಡೇ ವಿಷಯದ ಮೇಲೆ. ಒಂದು ನ್ಯೂಕಾಸಲ್ ಫುಟ್‌ಬಾಲ್ ತಂಡ, ಇನ್ನೊಂದು ಅವನು ಬೆಳೆಸುವ ಲೀಕ್. (ಪೈಪಿನಿಂದ ಸೋರುವ ಲೀಕ್ ಅಲ್ಲ, ಈರುಳ್ಳಿಯ ದಾಯಾದಿ, ಮಗುವಿನ ತೊಡೆಯಷ್ಟು ದಪ್ಪಗೆ ಬೆಳೆಯುವ ತರಕಾರಿ.) ಮೂರನೆಯ ಸ್ಥಾನಕ್ಕೆ ಹೆಂಡತಿ ಮ್ಯೂರಿಯಲ್ ಪ್ರಯತ್ನಪಡುತ್ತಿದ್ದಳು. ಅಲ್ಲಿ ನಾಯಿ ಅಡ್ಡ ಬರುತ್ತಿತ್ತು.

ನಾರ್ಥಂಬರ್ಲೆಂಡಿನ ಗುಡ್ಡದ ಮೇಲಿದ್ದ ಅವರ ಮನೆಗೆ ಊರಿನ ಗ್ಯಾಸ್ ಪೈಪು ಬಂದಿರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. ಕಲ್ಲಿದ್ದಲ ಮಸಿ ಒರೆಸಿ ಒರೆಸಿ ಸಾಕಾದ ಮ್ಯೂರಿಯಲ್, ಹಳೆಯ ಒಲೆ ಕಿತ್ತುಹಾಕಿಸಿ ಗ್ಯಾಸಿನ ಒಲೆಯನ್ನೂ, ಇಡೀ ಮನೆಯನ್ನು ಬೆಚ್ಚಗಿಡುವ ಗ್ಯಾಸಿನ ಬಾಯ್ಲರನ್ನೂ ಹಾಕಿಸಿದಳು. ಅವಳ ತಂಗಿ ಡೋರೀನ್‌ಳ ಹಿತ್ತಲಲ್ಲಿ ದೊಡ್ಡ ಗ್ಯಾಸ್ ಟ್ಯಾಂಕೇ ಇತ್ತು. ಲಾರಿ ತಾನಾಗಿ ಬಂದು ತುಂಬಿಸಿ ಹೋಗುತ್ತಿತ್ತು. ನಮಗೂ ಅದೇ ಬೇಕು ಅಂದಳು ಮ್ಯೂರಿಯಲ್.

ಟ್ಯಾಂಕಿನ ಕಂಪನಿಯವನು ಬಂದು ಅಳತೆ ಟೇಪು ಎಳೆದಾಡಿದ. ಗೋಡೆಯಿಂದ ಮೂರು ಮೀಟರ್ ದೂರ, ಬೇಲಿಯಿಂದಲೂ ಮೂರು ಮೀಟರ್ ದೂರ ಇರಬೇಕಂತೆ. ಹಿತ್ತಲಿಡೀ ಸುತ್ತಿ ಕೊನೆಗೆ ಅವನ ಬೂಟು ಬಂದು ನಿಂತದ್ದು ಆರ್ನಾಲ್ಡ್‌ನ ಲೀಕ್ ಪಾತಿಯ ನಟ್ಟನಡುವೆ. ಸೆಪ್ಟೆಂಬರಿನ ಲೀಕ್ ಸ್ಪರ್ಧೆಯಲ್ಲಿ ಹೋದ ಸಲ ಎರಡನೇ ಬಹುಮಾನ ತಂದುಕೊಟ್ಟ ಪಾತಿ ಅದು. ಆರ್ನಾಲ್ಡ್ ಆ ಮನುಷ್ಯನಿಗೆ ಚಹಾ ಕೂಡ ಕೊಡದೆ ಗೇಟಿನವರೆಗೆ ಬೀಳ್ಕೊಟ್ಟು, ಸಿಲಿಂಡರ್ ತರಲು ಹೊರಟ.

ಅಂಗಡಿಯಲ್ಲಿ ಎರಡು ಬಣ್ಣದ ಸಿಲಿಂಡರುಗಳಿದ್ದವು. ಮನೆಯ ಹೊರಗಿಡುವುದಾದರೆ ಕೆಂಪು ತಗೊಳ್ಳಿ, ನೀಲಿಯದರಲ್ಲಿರುವುದು ಬೇರೆ ಗ್ಯಾಸು, ಅದಕ್ಕೆ ಚಳಿ ಅಷ್ಟಾಗಿ ಒಗ್ಗುವುದಿಲ್ಲ ಎಂದು ಅಂಗಡಿಯವನು ಮೆಲ್ಲಗೆ ಹೇಳಿದ.

"ಕೆಂಪು ನನ್ನ ಮನೆ ಗೋಡೆಗೆ ಒರಗಕೂಡದು" ಅಂದ ಆರ್ನಾಲ್ಡ್.

ಕೆಂಪು ಸಂಡರ್‌ಲ್ಯಾಂಡ್ ತಂಡದ ಅಂಗಿಯ ಬಣ್ಣ. ನ್ಯೂಕಾಸಲ್‌ನವರಿಗೂ ಅವರಿಗೂ ಎಣ್ಣೆ ಸೀಗೇಕಾಯಿ. ಅಂಗಡಿಯವನೂ ನ್ಯೂಕಾಸಲ್ ಕಡೆಯವನೇ. ಇಂಥ ಧರ್ಮಸೂಕ್ಷ್ಮ ಅವನಿಗೆ ಅರ್ಥವಾಗದೆ ಇರುತ್ತದೆಯೇ? ನೀಲಿ ಸಿಲಿಂಡರ್ ಎತ್ತಿ ವ್ಯಾನಿಗಿಟ್ಟ. "ಗ್ಯಾಸಿಗೂ ಚಳಿಯಂತೆ, ಸ್ವೆಟರ್ ಹೆಣೆದು ಹಾಕು" ಎಂದು ಆರ್ನಾಲ್ಡ್ ಮನೆಗೆ ಬಂದು ಮ್ಯೂರಿಯಲ್ ಮುಂದೆ ನಕ್ಕ.

ಜನವರಿಯ ಒಂದು ಭಾನುವಾರ ಡೋರೀನ್ ಮತ್ತು ಅವಳ ಗಂಡ ಕ್ಲೈವ್ ಊಟಕ್ಕೆ ಬರುವವರಿದ್ದರು. ಹಿಂದಿನ ರಾತ್ರಿ ನೀರೆಲ್ಲ ಕಲ್ಲಾಗುವಂಥ ಚಳಿ. ಬೆಳಗ್ಗೆ ಬಾಯ್ಲರ್ ಹತ್ತಲಿಲ್ಲ, ಒಲೆಯೂ ಹತ್ತಲಿಲ್ಲ. ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಬುಳುಕ್ ಬುಳುಕ್ ಎನ್ನುತ್ತಿತ್ತು. ಹೊಟ್ಟೆ ತುಂಬ ಗ್ಯಾಸ್ ಇಟ್ಟುಕೊಂಡು ಹೊರಗೆ ಬರಲೊಲ್ಲದು. ಆರ್ನಾಲ್ಡ್‌ಗೆ ಅಂಗಡಿಯವನ ಮಾತು ನೆನಪಾಯಿತು. ಹೆಂಡತಿಗೆ ಹೇಳುವಷ್ಟೇನೂ ನೆನಪಾಗಲಿಲ್ಲ.

ಇಡೀ ಆಸ್ತಿಯಲ್ಲಿ ಬೆಚ್ಚಗಿದ್ದ ಜಾಗ ಒಂದೇ: ಹಿತ್ತಲಿನ ಗಾಜಿನ ಮನೆ. ಅಲ್ಲಿ ಲೀಕ್ ಸಸಿಗಳಿಗೆಂದು ಹಗಲಿರುಳು ಕರೆಂಟಿನ ಹೀಟರ್ ಉರಿಯುತ್ತಿತ್ತು. ಸಿಲಿಂಡರನ್ನು ಉರುಳಿಸಿಕೊಂಡು ಹೋಗಿ ಅಲ್ಲಿಟ್ಟ ಮೇಲೆ ಅದು ನಿಧಾನಕ್ಕೆ ಚೇತರಿಸಿಕೊಂಡಿತು. ಆದರೆ ಒಲೆ ಇರುವುದು ಮನೆಯೊಳಗೆ. ಹಾಗಾಗಿ ಪಿಕ್‌ನಿಕ್ ಒಲೆ, ಪಾತ್ರೆ, ಗೋಮಾಂಸ, ಆಲೂಗಡ್ಡೆ, ಮೇಜು, ಕುರ್ಚಿ, ಆಮೇಲೆ ನೆಂಟರು, ಎಲ್ಲವೂ ಒಂದೊಂದಾಗಿ ಗಾಜಿನ ಮನೆ ಸೇರಿದವು. ತಮ್ಮ ಟ್ಯಾಂಕಿಗೆ ಚಳಿಗಾಲ ಬಂದದ್ದೇ ಗೊತ್ತಾಗುವುದಿಲ್ಲ ಎಂದು ಡೋರೀನ್ ಊಟದುದ್ದಕ್ಕೂ ಹೇಳಿದಳು. ಕ್ಲೈವ್ ಮೊದಲು ಕೋಟು ತೆಗೆದ, ಆಮೇಲೆ ಸ್ವೆಟರ್ ತೆಗೆದ. ಡಾಡ್ ದಂಪತಿಗಳ ಮನೆಯಲ್ಲಿ ಅವನು ಹೀಗೆ ಮಾಡಿದ್ದು ಇದೇ ಮೊದಲು.

ನೆಂಟರು ಹೋದರು. ಮ್ಯೂರಿಯಲ್ ಏಳಲಿಲ್ಲ. ಶೂ ಬಿಚ್ಚಿ, ಕಾಲು ಚಾಚಿ, ಸಸಿಗಳನ್ನು ಒಂದೊಂದಾಗಿ ನೋಡಿದಳು. ಮದುವೆಯಾದಾಗಿನಿಂದ ತಾನು ಎರಡೆರಡು ಸ್ವೆಟರಿನಲ್ಲಿ ನಡುಗಿದ್ದರೆ ಇವುಗಳು ಇಲ್ಲಿ ರಾಜವೈಭೋಗದಲ್ಲಿವೆ!

"ಆರ್ನಾಲ್ಡ್, ನಾನಿನ್ನು ಇಲ್ಲೇ ಇರ್ತೀನಿ."

"ಇಲ್ಲೇ ಅಂದ್ರೆ?"

"ಇಲ್ಲೇ ಅಂದ್ರೆ ಇಲ್ಲೇ. ನಿನ್ನ ಲೀಕುಗಳಿಗೆ ಮನೆ ಬಿಟ್ಕೊಟ್ಟಿದೀನಿ. ಮೂರು ಬೆಡ್‌ರೂಮಿದೆ, ಆರಾಮಾಗಿರ್ಲಿ."

ಸೋಮವಾರ ಅವಳ ಆರಾಮಕುರ್ಚಿ, ರೇಡಿಯೋ, ಮಂಚ ಎಲ್ಲ ಗಾಜಿನ ಮನೆಗೆ ಸ್ಥಳಾಂತರಗೊಂಡವು. ಸಸಿಗಳ ಕುಂಡಗಳು ಹೊರಬಿದ್ದವು. ಆರ್ನಾಲ್ಡ್ ಅವುಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಮಲಗಿಸಿ, ರಜಾಯಿ ಹೊದಿಸಿ, ತಾನು ಓವರ್‌ಕೋಟಿನಲ್ಲಿ ಮಗ್ಗುಲಲ್ಲಿ ಮಲಗಿದ. ಎರಡು ದಿನದಲ್ಲಿ ಎಲೆಗಳೆಲ್ಲ ಜೋತುಬಿದ್ದವು.

"ಕೆಂಪು ಸಿಲಿಂಡರೇ ತರ್ತೀನಿ ಕಣೇ" ಅಂದ ಗಾಜಿನ ಆಚೆ ನಿಂತು. ಅವನ ಮಟ್ಟಿಗೆ ಇದು ಮತಾಂತರ.

ಮ್ಯೂರಿಯಲ್ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಕೆಂಪಿನ ಕಾಲ ಮುಗೀತು. ಟ್ಯಾಂಕ್ ಬರ್ಲಿ, ಆಮೇಲೆ ನೋಡೋಣ."

ಆರ್ನಾಲ್ಡ್ ತಾನೇ ಕಂಪನಿಗೆ ಫೋನು ಮಾಡಿದ. ಅಪ್ಪನ ಕಾಲದಿಂದ ಗೊಬ್ಬರ ತಿನ್ನಿಸಿ ಸಾಕಿದ ಪಾತಿಯ ಮಣ್ಣನ್ನು ತಾನೇ ಅಗೆದು, ಮೂಗು ಒರೆಸಿಕೊಳ್ಳುತ್ತ ಬೇಲಿಯ ಆಚೆಗೆ ಸಾಗಿಸಿದ. ಪಾತಿ ಇದ್ದ ಜಾಗದಲ್ಲಿ ಟ್ಯಾಂಕು ಕೊಬ್ಬಿದ ಬಿಳಿ ಹಂದಿಯ ಹಾಗೆ ಬಂದು ಕೂತಿತು. ಬಾಯ್ಲರ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಮನೆಯ ಮೂಲೆಮೂಲೆಯೂ ಬೆಚ್ಚಗಾಯಿತು. ಆರ್ನಾಲ್ಡ್ ಬದುಕುಳಿದ ಸಸಿಗಳನ್ನು ತಟ್ಟೆಯಲ್ಲಿಟ್ಟುಕೊಂಡು, ಹೆಂಡತಿಯನ್ನು ಕರೆತಂದು ಇವನ್ನು ಅಲ್ಲಿ ಬಿಟ್ಟುಬರೋಣವೆಂದು ಗಾಜಿನ ಮನೆಗೆ ಹೋದ.

ಒಳಗೆ ಡೋರೀನ್ ಇದ್ದಳು. ಚರ್ಚಿನ ಹೆಣಿಗೆ ಸಂಘದ ಹೆಂಗಸರೂ ಇದ್ದರು. ಚಹಾ, ಕೇಕು, ಕಿಟಕಿಗಳಿಗೆ ಹೂವಿನ ಪರದೆ.

"ಮನೆ ಬೆಚ್ಚಗಾಯ್ತು ಕಣೇ, ಬಾ" ಅಂದ.

"ಆಯ್ತಾ? ಹಾಗಾದ್ರೆ ಲೀಕುಗಳಿಗೂ ಅಲ್ಲೇ ಹಿತ. ಅಡುಗೆಮನೆ ಕಿಟಕಿ ಹತ್ರ ಇಡು, ಬಿಸಿಲು ಬೀಳುತ್ತೆ" ಅಂದಳು ಮ್ಯೂರಿಯಲ್. "ಹಾಗೇ ಆ ಬಾಗಿಲು ಹಾಕು ಆರ್ನಾಲ್ಡ್, ಚಳಿ ಬರ್ತಿದೆ."

ಆರ್ನಾಲ್ಡ್ ಬಾಗಿಲು ಹಾಕಿದ. ಹೊರಗಿನಿಂದ.